ನಿಮಗೆ ಅವರು ಏನಾಗಬೇಕು?

ಮೊನ್ನೆ ಮಧ್ಯಾಹ್ನ ಮಹಡಿ ಮೇಲಿನ ಮನೆಯವರು ಹುಚ್ಚೆಳ್ಳು ಹುರಿಯುತ್ತಿದ್ದರು. ನಾವು ಹಾಸನಕ್ಕೆ ಬಂದು ಇಷ್ಟು ವರ್ಷವಾಯಿತು, ಈ ಬೀದಿಯಲ್ಲಿ ಆ ವಾಸನೆ ಬಂದದ್ದು ಇದೇ ಮೊದಲು. ಸಾರಿಗೆ ಒಗ್ಗರಣೆ ಹಾಕಲು ಹೊರಟ ನಾನು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಸಾಸಿವೆ ಸೀದು ಮನೆಯೆಲ್ಲ ಹೊಗೆಯಾಯಿತು. ಹೊರಗೆ ಪೇಪರ್ ಓದುತ್ತಿದ್ದ ಯಜಮಾನರು "ಏನೇ ಅದು?" ಎಂದರು. "ಏನಿಲ್ಲ, ಅವಳು ಬಂದ ಹಾಗಾಯ್ತು" ಎಂದೆ. ಅವರು ಪೇಪರ್ ಮಡಚಿಟ್ಟರು.

ಅವಳು ಎಂದರೆ ನನ್ನ ಮಗಳನ್ನು ಹೆತ್ತವಳು. ಈಗ ಇದನ್ನು ಸಲೀಸಾಗಿ ಒಂದೇ ಸಾಲಿನಲ್ಲಿ ಬರೆದುಬಿಟ್ಟೆ. ಒಂದು ಕಾಲದಲ್ಲಿ ಇದೇ ಸಾಲು ನನಗೆ ಬಾಯಲ್ಲಿಟ್ಟ ಬಿಸಿ ತುಪ್ಪವಾಗಿತ್ತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

ಆಗ ನಾವು ಹೊಳೆನರಸೀಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಯಜಮಾನರು ಹಳ್ಳಿಮೈಸೂರಿನ ಕಡೆಯ ಒಂದು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಅದೇ ಶಾಲೆಯಲ್ಲಿ ಅವಳು ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನನಗಿಂತ ಚಿಕ್ಕವಳು. ಗಂಡ ತೆಂಗಿನಮರದಿಂದ ಬಿದ್ದು ತೀರಿಕೊಂಡಾಗ ಅವಳ ಕಂಕುಳಲ್ಲೊಂದು ಗಂಡುಮಗು, ಹೊಟ್ಟೆಯಲ್ಲಿ ಇನ್ನೊಂದು. ನಮಗೋ, ಡಾಕ್ಟರುಗಳ ಮೆಟ್ಟಿಲೆಲ್ಲ ಸವೆಸಿ, ಹರಕೆಗಳೆಲ್ಲ ಮುಗಿದು, ಇನ್ನು ಆ ಮಾತೇ ಬೇಡ ಎಂದು ಸುಮ್ಮನಾಗಿದ್ದ ಕಾಲ.

ಒಂದು ಭಾನುವಾರ ಅವಳು ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಮೇಷ್ಟ್ರಿಗೆ ಅಂತ ತಂದೆ ಅಂದಳು. ಕೂತ್ಕೋ ಎಂದರೆ ಕೂರಲಿಲ್ಲ. ಅಡುಗೆಮನೆಗೆ ಬಂದು ಸುತ್ತ ನೋಡಿದಳು. ಹಿತ್ತಲ ಬಾಗಿಲು ತೆಗೆದು ನೋಡಿದಳು. ಸಂಪಿನ ಮುಚ್ಚಳ ಎತ್ತಿ ನೋಡಿ, "ನೀರು ದಿನಾ ಬತ್ತದಾ?" ಎಂದು ಕೇಳಿದಳು. ಇವಳೇನು ಮನೆ ಬಾಡಿಗೆಗೆ ನೋಡಲು ಬಂದಳೋ ಎಂದು ನನಗೆ ರೇಗಿತು. ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ತುಂಬಿದ ಬಸುರಿ, ಬೈಯುವುದು ಹೇಗೆ? ಊಟಕ್ಕೆ ಬಡಿಸಿದೆ. ಉಂಡಳು, ತಟ್ಟೆ ತೊಳೆದಿಟ್ಟಳು, ಹೋದಳು. ಆಮೇಲೆ ಯಜಮಾನರು ವಿಷಯ ಬಿಚ್ಚಿದರು. ಹುಟ್ಟುವ ಮಗುವನ್ನು ನಮಗೆ ಕೊಡುತ್ತೇನೆಂದು ಅವಳು ಶಾಲೆಯಲ್ಲಿ ಅವರಿಗೆ ಹೇಳಿದ್ದಳಂತೆ. ಅದಕ್ಕೆ ಮೊದಲು ಅವಳಿಗೆ ನಮ್ಮ ಮನೆ ಒಪ್ಪಿಗೆಯಾಗಬೇಕಿತ್ತಂತೆ.

ಹೆಣ್ಣು ಹುಟ್ಟಿತು. ಕಾನೂನಿನ ಪ್ರಕಾರ ದತ್ತು ಪತ್ರ ರಿಜಿಸ್ಟರ್ ಆಯಿತು. ಅದೇ ಹೊತ್ತಿಗೆ ಪೇಟೆಯ ಇನ್ನೊಂದು ಕಡೆಗೆ ಮನೆ ಬದಲಾಯಿಸಿದೆವು. ಆ ಹೊಸ ಬೀದಿಯವರ ಪಾಲಿಗೆ ಮಗು ನಾನು ಹೆತ್ತದ್ದೇ. ಎಲ್ಲ ಸರಿಯಾಯಿತು, ಒಂದು ಮಾತ್ರ ಇತ್ಯರ್ಥವಾಗದೆ ಉಳಿಯಿತು. ಕೊಟ್ಟವಳು ಇನ್ನು ಮುಂದೆ ಬರಬಹುದೋ, ಬಾರದೋ? ಮಗುವಿಗೆ ಅವಳು ಯಾರೆಂದು ತಿಳಿಯಬೇಕೋ, ಬೇಡವೋ? ಮಗು ನೋಡಿಕೊಳ್ಳಲೆಂದು ಅರಕಲಗೂಡಿನಿಂದ ಬಂದಿದ್ದ ನಮ್ಮವ್ವ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು: "ಕೊಟ್ಟೋಳು ತಿರುಗಿ ನೋಡಬಾರ್ದು. ಇವತ್ತು ನೋಡ್ಕಂಡೋಗಕ್ಕೆ ಬತ್ತಾಳೆ, ನಾಳೆ ಎತ್ಕಂಡೋಗಕ್ಕೆ ಬತ್ತಾಳೆ." ನನಗೂ ಅದೇ ಭಯ. ಆದರೆ ಅವಳು ಕೇಳಿದ್ದಾದರೂ ಏನು? "ಕಣ್ಣಿಗೆ ಕಾಣುಸ್ತಿದ್ರೆ ಸಾಕು ಮೇಷ್ಟ್ರೇ, ಎತ್ಕಳಕ್ಕೂ ಕೇಳಕಿಲ್ಲ" ಅಂದಿದ್ದಳು, ಅಷ್ಟೇ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೂಂ ಎನ್ನಲೂ ಬರಲಿಲ್ಲ.

ದಾರಿ ಹುಡುಕಿದವರು ಯಜಮಾನರು. ಅವರು ಚನ್ನರಾಯಪಟ್ಟಣದ ಕಡೆಯವರು, ಒಬ್ಬನೇ ಮಗ, ಅಕ್ಕತಂಗಿ ಯಾರೂ ಇಲ್ಲ. ಅವಳಿಗೂ ಅಣ್ಣತಮ್ಮ ಇಲ್ಲ. "ನನ್ನ ತಂಗಿ ಅಂದ್ಕೊಂಡ್ರಾಯ್ತು. ತಂಗಿ ಅಣ್ಣನ ಮನೆಗೆ ಬಂದ್ರೆ ಯಾರು ಕೇಳ್ತಾರೆ? ಗೌರಿ ಹಬ್ಬಕ್ಕೆ ಕರೆದು ಸೀರೆ ಕೊಡೋಣ. ಮಗು ಅತ್ತೆ ಅಂತ ಕರೀಲಿ" ಎಂದರು.

ನನಗೆ ಹೋದ ಜೀವ ಬಂದ ಹಾಗಾಯಿತು. ಯಾಕೆಂದರೆ ನಮ್ಮವ್ವ ಕೊನೆಗೆ ಸೋತು, ಬರಲೇಬೇಕು ಅನ್ನುವುದಾದರೆ ನಿನ್ನ ತಂಗಿ ಅಂತ ಹೇಳಿಕೋ, ಮಗು ಚಿಕ್ಕವ್ವ ಅನ್ನಲಿ ಎಂದಿದ್ದರು. ಆ ಪದ ಕೇಳಿಯೇ ನನಗೆ ಮೈಯೆಲ್ಲ ಉರಿ ಹತ್ತಿತ್ತು. ಚಿಕ್ಕದೋ ದೊಡ್ಡದೋ, ಅದರಲ್ಲಿ ಅವ್ವ ಇದೆಯಲ್ಲ. ಇಷ್ಟು ವರ್ಷ ಕಾದು ಪಡೆದ ಪದ ಅದು, ಅದರಲ್ಲಿ ಎಳ್ಳಷ್ಟನ್ನೂ ಇನ್ನೊಬ್ಬರಿಗೆ ಕೊಡಲು ನಾನು ತಯಾರಿರಲಿಲ್ಲ. ಅತ್ತೆ ಎನ್ನುವುದು ಅಪಾಯವಿಲ್ಲದ ಪದ ಎನಿಸಿತು. ಬೀದಿಯಲ್ಲಿ ಹೋಗುವ ಹೆಂಗಸರನ್ನೆಲ್ಲ ಮಕ್ಕಳು ಅತ್ತೆ ಎನ್ನುವುದಿಲ್ಲವೇ?

ಹೀಗೆ ಅವಳು ಅತ್ತೆಯಾದಳು. ಮೇಷ್ಟ್ರನ್ನು ಅಣ್ಣ ಎಂದು, ನನ್ನನ್ನು ಅತ್ತಿಗೆ ಎಂದು ಕರೆಯಲು ಕಲಿತಳು. ಮೊದಲ ಸಲ ಬಂದಾಗ ಎದುರುಮನೆಯ ಅಜ್ಜಿ ಜಗುಲಿಯಿಂದಲೇ ಕೂಗಿದರು, "ಯಾರವ್ವ ಅದು? ನಿಮ್ಗೆ ಏನಾಗ್ಬೇಕು?" ನಾನು "ನಮ್ಮ ನಾದಿನಿ ಕಣಜ್ಜಿ" ಎಂದೆ. ಅಜ್ಜಿ ದಾಟಿ ಬಂದು, ಮಗುವಿನ ಗಲ್ಲ ಹಿಡಿದು, ಅವಳ ಮುಖ ನೋಡಿ, "ಸೋದರತ್ತೇನೇ ಎರಕ ಉಯ್ದಂಗದೆ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸುಮ್ಮಸುಮ್ಮನೆ ಸೆರಗು ಸರಿಮಾಡಿಕೊಂಡೆ. ಹೆಣ್ಣುಮಕ್ಕಳು ಸೋದರತ್ತೆಯನ್ನು ಹೋಲುವುದು ಲೋಕರೂಢಿ, ಯಾರಿಗೂ ಅನುಮಾನ ಬರಲಿಲ್ಲ. ಆ ಪದ ಅವಳ ಮುಖವನ್ನೂ ಮುಚ್ಚಿಟ್ಟಿತು.

ಬಂದಾಗಲೆಲ್ಲ ಅವಳು ಅಡುಗೆಮನೆಗೆ ನುಗ್ಗುತ್ತಿದ್ದಳು. ಶಾಲೆಯ ಮಕ್ಕಳಿಗೆಲ್ಲ ಬೇಯಿಸಿ ಬೇಯಿಸಿ ಅವಳ ಕೈಗೆ ಅಳತೆ ತಪ್ಪಿಹೋಗಿತ್ತು. ಐದು ಜನರ ಮನೆಗೆ ಐವತ್ತು ಜನರ ಹುಳಿ. ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು, ಮಗಳು ಪಾತ್ರೆ ಹಿಡಿದುಕೊಂಡು ಬೀದಿಯ ಮನೆಮನೆಗೆ ಹುಳಿ ಹಂಚಿ ಬರುತ್ತಿದ್ದಳು. ಮಧ್ಯಾಹ್ನ ಅವಳು ಮಗಳನ್ನು ಕಾಲ ಮೇಲೆ ಕೂರಿಸಿಕೊಂಡು ಉಗುರು ಕತ್ತರಿಸುತ್ತಿದ್ದಳು. ಆ ಉಗುರುಗಳನ್ನು ನೋಡುತ್ತ ಇವು ತನ್ನವೇ ಎಂದು ಅವಳಿಗೆ ಅನಿಸುತ್ತಿತ್ತೋ ಏನೋ... ನಾನು ಕೇಳಲಿಲ್ಲ. ಹೊಟ್ಟೆಕಿಚ್ಚು ಆಗುತ್ತಿರಲಿಲ್ಲ ಎನ್ನಲಾರೆ. ಆದರೆ ಅವಳು ಬಸ್ಸು ಹತ್ತಿದ ಮೇಲೆ ಮನೆ ಖಾಲಿ ಖಾಲಿ ಎನಿಸುತ್ತಿದ್ದದ್ದೂ ನಿಜ.

ಮಗಳಿಗೆ ಆರು ತುಂಬಿದ ವರ್ಷದ ಗೌರಿ ಹಬ್ಬ. ಅವಳು ಎಂದಿನಂತೆ ಮಗನನ್ನೂ ಕರೆತಂದಿದ್ದಳು. ಹುಡುಗ ಮಗಳಿಗಿಂತ ಮೂರು ವರ್ಷಕ್ಕೆ ದೊಡ್ಡವನು, ಇಬ್ಬರೂ ಸೇರಿದರೆ ಮನೆ ಕಿತ್ತುಹೋಗುತ್ತಿತ್ತು. ಕುಂಕುಮಕ್ಕೆ ಬಂದ ಹೆಂಗಸರೆಲ್ಲ ನಡುಮನೆಯಲ್ಲಿ ಕೂತಿದ್ದರು. ಎದುರುಮನೆಯ ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ ಅವಳನ್ನು ರೇಗಿಸಿದರು:

"ಏನವ್ವ, ಸೊಸೆ ನೋಡಕ್ಕೆ ಬಂದ್ಯಾ? ಮದ್ವೆ ಗಂಡುನ್ನೂ ಜೊತೇಲೇ ಕರ್ಕಂಬಂದಿದ್ದೀಯ. ಎಲೆ ಅಡ್ಕೆ ಇಲ್ಲೇ ಅದೆ, ಶಾಸ್ತ್ರ ಮುಗಿಸ್ಬುಡಾವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಕಡೆ ಸೋದರತ್ತೆಯ ಮಗ ಎಂದರೆ ಹುಟ್ಟಿದಾಗಿನಿಂದಲೇ ಗಂಡ, ತೊಟ್ಟಿಲ ಕೂಸನ್ನೂ ಬಿಡದೆ ರೇಗಿಸುವುದು ವಾಡಿಕೆ. ಮಗಳು ಎದ್ದು ನಿಂತು, "ಹೂಂ, ನಾನು ಇವನ್ನೇ ಮದ್ವೆ ಆಗೋದು. ಆಮೇಲೆ ಅತ್ತೆ ಮನೇಲೇ ಇರ್ತೀನಿ" ಎಂದಳು.

ನಗು ಇನ್ನೂ ಜೋರಾಯಿತು. ತಟ್ಟೆ ಹಿಡಿದು ಎಲ್ಲರಿಗೂ ಕೋಸಂಬರಿ ಕೊಡುತ್ತಿದ್ದ ಅವಳು ನಿಂತಲ್ಲೇ ನಿಂತಳು. ಅವಳ ಮುಖ ನೋಡಿದ ಮೇಲೆಯೇ ನನಗೆ ಹೊಳೆದದ್ದು. ಅವಳು ಏನಾಗಬೇಕು ಎಂದು ಅಷ್ಟೆಲ್ಲ ಯೋಚಿಸಿದ ನಾವು ಅವಳ ಮಗ ಏನಾಗಬೇಕು ಎಂದು ಯೋಚಿಸಿಯೇ ಇರಲಿಲ್ಲ. ಲೆಕ್ಕದ ಮೇಷ್ಟ್ರು ಹಾಕಿದ ಲೆಕ್ಕ! ಒಡಹುಟ್ಟಿದ ಅಣ್ಣ ತಂಗಿಯನ್ನು ಒಂದು ಪದದ ದೆಸೆಯಿಂದ ಗಂಡ ಹೆಂಡತಿ ಮಾಡಿ ಕೂರಿಸಿದ್ದೆವು.

ಅವಳು ಹಬ್ಬದೂಟಕ್ಕೂ ನಿಲ್ಲದೆ ಮಗನ ಕೈ ಹಿಡಿದು ಬಸ್ಸಿಗೆ ಹೊರಟುಬಿಟ್ಟಳು. ಆಮೇಲೆ ಬರಲೇ ಇಲ್ಲ. ದೀಪಾವಳಿಗೆ ಇಲ್ಲ, ಸಂಕ್ರಾಂತಿಗೆ ಇಲ್ಲ, ಯುಗಾದಿಗೂ ಇಲ್ಲ. ಅಷ್ಟರಲ್ಲಿ ಯಜಮಾನರಿಗೆ ಹೊಳೆನರಸೀಪುರಕ್ಕೇ ವರ್ಗವಾಗಿತ್ತು, ಶಾಲೆಯಲ್ಲಿ ಸಿಗುವ ಹಾಗೂ ಇರಲಿಲ್ಲ. ಫೋನು ಮಾಡಿದರೆ ಮೈಗೆ ಹುಷಾರಿಲ್ಲ ಎನ್ನುತ್ತಿದ್ದಳು. ನಮ್ಮವ್ವ, "ದೇವ್ರೇ ದಾರಿ ಮಾಡ್ಕೊಟ್ಟ, ಸುಮ್ಕಿರು" ಎಂದರು. ನಿಜ, ಸುಮ್ಮನಿದ್ದಿದ್ದರೆ ಎಲ್ಲ ತಾನಾಗಿ ಮುಚ್ಚಿಹೋಗುತ್ತಿತ್ತು. ಮಗಳು ಪೂರ್ತಿ ನನ್ನೊಬ್ಬಳವಳಾಗುತ್ತಿದ್ದಳು. ಆ ಆಸೆಯೂ ನನ್ನೊಳಗಿತ್ತು.

ಸುಮ್ಮನಿರಲು ಬಿಡದವಳು ಮಗಳು. ಅತ್ತೆ ಯಾವಾಗ ಬರುತ್ತಾಳೆ ಎಂದು ಕೇಳಿ ಕೇಳಿ ಸಾಕಾಗಿ, ಕೇಳುವುದನ್ನೇ ಬಿಟ್ಟಳು. ಅದು ಇನ್ನೂ ಕಷ್ಟವಾಯಿತು. ಒಂದು ದಿನ ಸ್ಕೂಲಿಗೆ ಜಡೆ ಹಾಕುತ್ತಿದ್ದಾಗ, "ಅತ್ತೆಗೆ ನನ್ನ ಮೇಲೆ ಸಿಟ್ಟಾ ಅವ್ವ? ನಾನು ಅವತ್ತು ಹಂ‌ಗಂದೆ ಅಂತಲಾ?" ಎಂದಳು. ಈ ಕೂಸು ಅವಳನ್ನು ಎರಡನೇ ಸಲ ಕಳೆದುಕೊಳ್ಳುತ್ತಿದೆ, ಅದೂ ತನ್ನದೇ ತಪ್ಪು ಎಂದುಕೊಂಡು ಕಳೆದುಕೊಳ್ಳುತ್ತಿದೆ. ಆ ಪಾಪ ನನಗೆ ಬೇಡವಾಗಿತ್ತು.

ಮಗಳನ್ನು ಸ್ಕೂಲಿಗೆ ಬಿಟ್ಟು ಹಾಗೇ ಹಳ್ಳಿಮೈಸೂರಿನ ಬಸ್ಸು ಹತ್ತಿದೆ. ಶಾಲೆಯ ಅಡುಗೆಕೋಣೆಯಲ್ಲಿ ಅವಳು ದೊಡ್ಡ ಪಾತ್ರೆಯ ಮುಂದೆ ನಿಂತು ಸಾಂಬಾರು ತಿರುವುತ್ತಿದ್ದಳು. ನನ್ನನ್ನು ನೋಡಿ ಹೆದರಿ, "ಮಗ ಉಸಾರಾಗದಾ?" ಎಂದಳು. ಯಾಕೆ ಬರಲಿಲ್ಲ ಎಂದು ನಾನು ಒಂದೇ ಸಮ ಜಗಳಕ್ಕೆ ಬಿದ್ದೆ. ಎಲ್ಲ ಕೇಳಿಸಿಕೊಂಡು ಆಮೇಲೆ ನಿಧಾನವಾಗಿ ಹೇಳಿದಳು.

"ಅತ್ತೆ ಅಂದ್ರೆ ತಡ್ಕಂತೀನಿ ಅತ್ತಿಗೆ, ನಾನ್ ಒಪ್ಕಂಡಿದ್ದೇ ಅದು. ಒಂದೇ ಒಟ್ಟೇಲಿ ಉಟ್ಟವ್ರ್ನ ಗಂಡ ಎಂಡ್ತಿ ಅಂದ್ರೆ ಕುಂತ್ಕಂಡು ನಗಕಾಯ್ತದಾ? ನಾನ್ ಬರ್ದಿದ್ರೆ ಆ ಮಾತು ಸತ್ತೋಯ್ತದೆ. ಮಗೂನೂ ಮರ್ತ್ಕತದೆ."

"ಮರೆಯಲ್ಲ ಕಣೇ. ತಾನೇ ಏನೋ ತಪ್ಪು ಮಾಡ್ದೆ ಅಂದ್ಕೊಂಡು ಕೊರಗ್ತಾ ಇದೆ" ಎಂದೆ.

ಅವಳು ಸೌಟು ಬಿಟ್ಟು ನೆಲದ ಮೇಲೆ ಕೂತುಬಿಟ್ಟಳು. ನಾನು ಪಕ್ಕದಲ್ಲಿದ್ದ ಅಕ್ಕಿ ಮೂಟೆಯ ಮೇಲೆ ಕೂತೆ. ಆಗ ನನ್ನ ಬಾಯಿಂದ ಬಂದ ಮಾತು ನನಗೇ ಹೊಸದು. "ಅವರ ತಂಗಿ ಆಗಿದ್ದು ಸಾಕು, ನನ್ನ ತಂಗಿ ಆಗು. ಚಿಕ್ಕವ್ವ ಅನ್ನಲಿ." ಚಿಕ್ಕವ್ವನ ಮಗ ಎಂದರೆ ಅಣ್ಣ, ಇನ್ನು ಯಾರೂ ರೇಗಿಸುವ ಹಾಗಿಲ್ಲ.

"ಅತ್ತೆ ಇದ್ದಕ್ಕಿದ್ದಂಗೆ ಚಿಕ್ಕವ್ವ ಎಂಗಾದ್ಲು ಅಂತ ಮಗ ಕೇಳಕಿಲ್ವಾ?"

"ಕೇಳಲಿ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ಸಾಂಬಾರು ತಳ ಹತ್ತತೊಡಗಿತು, ಅವಳು ಎದ್ದು ಉರಿ ಕಡಿಮೆ ಮಾಡಿದಳು. ನನ್ನ ಕಡೆ ತಿರುಗದೆಯೇ ಹೇಳಿದಳು: "ಗತಿ ಇಲ್ದೆ ಕೊಟ್ಲು ಅಂತ ಮಾತ್ರ ಏಳ್ಬ್ಯಾಡಿ. ಎಣ್ಣು ಕೊಡೋವಾಗ ಮನೆ ನೋಡಿ ಕೊಡಕಿಲ್ವಾ? ಅಂಗೆ ನೋಡಿ ಕೊಟ್ಲು ಅಂತ ಏಳಿ." ಅವಳು ಸಂಪಿನ ಮುಚ್ಚಳ ಎತ್ತಿ ನೋಡಿದ್ದು ನೆನಪಾಗಿ ನನಗೆ ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ. ಮಕ್ಕಳ ಊಟದ ಗಂಟೆ ಹೊಡೆಯುವ ಹೊತ್ತಾಗಿತ್ತು, ತಟ್ಟೆ ಜೋಡಿಸಲು ಹೋದಳು.

ಮಗಳಿಗೆ ಹೇಳಿದ್ದು ಮರುದಿನ, ಯಜಮಾನರನ್ನೂ ಎದುರಿಗೆ ಕೂರಿಸಿಕೊಂಡು. ಮೂರು ರಾತ್ರಿ ನಿದ್ದೆಗೆಟ್ಟು ಹೇಳಬೇಕಾದ ಮಾತು ಎಂದುಕೊಂಡಿದ್ದೆ, ಹೇಳಿದರೆ ಹತ್ತು ಮಾತಿಗೆ ಮುಗಿದುಹೋಯಿತು. ನೀನು ಹುಟ್ಟಿದ್ದು ಅವಳ ಹೊಟ್ಟೆಯಲ್ಲಿ, ಅವಳು ಊರೆಲ್ಲ ಹುಡುಕಿ, ಮನೆ ನೋಡಿ, ನಿನ್ನನ್ನು ನನ್ನ ಮಡಿಲಿಗೆ ಹಾಕಿದಳು, ಇನ್ನು ಮೇಲೆ ಅವಳನ್ನು ಚಿಕ್ಕವ್ವ ಅನ್ನು ಎಂದೆ. ಮಗಳು ಕಣ್ಣು ಪಿಳಿಪಿಳಿ ಬಿಟ್ಟು ಕೇಳಿದಳು. ಆಮೇಲೆ ತುಟಿ ಅದುರಿತು.

"ಹಂ‌ಗಾದ್ರೆ ನಾನು ಅವನ್ನ ಮದ್ವೆ ಆಗಂಗಿಲ್ವಾ?"

ಅದಕ್ಕೇ ಅತ್ತಳು, ಮಿಕ್ಕ ಯಾವುದಕ್ಕೂ ಅಲ್ಲ. ಯಜಮಾನರು ಬಾಯಿ ಮುಚ್ಚಿಕೊಂಡು ಹೊರಗೆ ಹೋಗಿ ನಕ್ಕು ಬಂದರು. ಸಂಜೆ ಮಗಳು ನನ್ನ ಹತ್ತಿರ ಬಂದು, "ಹಂ‌ಗಾದ್ರೆ ನಂಗೆ ಇಬ್ರು ಅವ್ವನಾ?" ಎಂದು ಕೇಳಿದಳು. ನಾನು ತಕ್ಷಣ, "ಇಲ್ಲ ಮಗ, ಅವಳು ಚಿಕ್ಕವ್ವ. ಅವ್ವ ನಾನೊಬ್ಬಳೇ" ಎಂದೆ. ಅದೊಂದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಂಡೆ.

ಬೀದಿಗೆ ಗೊತ್ತಾದದ್ದು ನಾಗರಪಂಚಮಿಯ ದಿನ. ಅವತ್ತು ಹೆಣ್ಣುಮಕ್ಕಳು ಹಾಲಿನಲ್ಲಿ ಹೂವು ಅದ್ದಿ ಒಡಹುಟ್ಟಿದ ಗಂಡುಮಕ್ಕಳ ಬೆನ್ನಿಗೆ ಸವರಿ, ಹೊಟ್ಟೆ ತಣ್ಣಗಿರಲಿ, ಬೆನ್ನು ತಣ್ಣಗಿರಲಿ ಎಂದು ಹರಸುತ್ತಾರೆ. ಅವಳನ್ನೂ ಮಗನನ್ನೂ ಬರಹೇಳಿದ್ದೆ. ಜಗುಲಿಯ ಮೇಲೆ ಹುಡುಗ ಅಂಗಿ ಬಿಚ್ಚಿ ಕೂತ, ಮಗಳು ಹೂವಿಗಿಂತ ಹೆಚ್ಚಾಗಿ ಬಟ್ಟಲನ್ನೇ ಅವನ ಬೆನ್ನಿಗೆ ಸುರಿದಳು. ಎದುರಿನ ಅಜ್ಜಿ ನೋಡಿ, "ಇದೇನವ್ವ ಇದು, ಅತ್ತೆ ಮಗನ ಬೆನ್ನಿಗೆ ಆಲಾಕ್ತಾವ್ಳಲ್ಲ?" ಎಂದರು. ಹೆತ್ತವಳು ಬಾಗಿಲ ಹಿಂದೆ ಸರಿದಳು. ನಾನು ಅವಳ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. "ಅತ್ತೆ ಮಗ ಅಲ್ಲ ಕಣಜ್ಜಿ, ಒಡಹುಟ್ಟಿದ ಅಣ್ಣ. ನನ್ನ ಮಗಳನ್ನ ಹೆತ್ತವಳು ಇವಳೇ. ಸಾಕ್ತಿರೋಳು ನಾನು" ಎಂದೆ.

ಅಜ್ಜಿ ಬೀದಿ ದಾಟಿ ಬಂದು ಮೂವರ ಮುಖವನ್ನೂ ನೋಡಿದರು. "ಅಂಗಾ..." ಎಂದರು. ಆಮೇಲೆ ಹುಡುಗನ ಕಡೆ ನೋಡಿ, "ಅಂಗಾರೆ ಸುಮ್ಕೆ ಕುಂತಿದ್ದೀಯಲ್ಲಾ? ಬೆನ್ನು ತಣ್ಣಗ್ ಮಾಡಿದ್ ತಂಗಿಗೆ ಕೈಗೇನಾರ ಕೊಡ್ಲಾ" ಎಂದು ಗದರಿದರು. ಬೀದಿ ನಾಲ್ಕು ದಿನ ಆಡಿಕೊಂಡಿತು, ಐದನೇ ದಿನಕ್ಕೆ ಬೇರೆ ಮಾತು ಸಿಕ್ಕಿತು.

ಅಲ್ಲಿಂದ ಮುಂದೆ ಅವಳು ನನ್ನನ್ನು ಅಕ್ಕ ಎಂದಳು. ಯಜಮಾನರನ್ನು ಭಾವ ಎನ್ನಬೇಕಿತ್ತು, ನಾಲಿಗೆ ಹೊರಳಲಿಲ್ಲ, ಅಣ್ಣ ಎಂದೇ ಉಳಿಸಿಕೊಂಡಳು. ನನಗೂ ತಂಗಿ, ಅವರಿಗೂ ತಂಗಿ. ಹಾಗಾದರೆ ನಾವಿಬ್ಬರು ಏನಾಗಬೇಕು ಎಂದು ಯಜಮಾನರು ಕೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಹಬ್ಬಕ್ಕೆ ಬರುತ್ತಿದ್ದವಳು ಸುಮ್ಮನೆಯೂ ಬರತೊಡಗಿದಳು. ಮಗಳು ಬೇಸಿಗೆ ರಜೆಯಲ್ಲಿ ಅವಳ ಮನೆಗೆ ಹೋಗಿ ವಾರಗಟ್ಟಲೆ ಇದ್ದು ಬರುತ್ತಿದ್ದಳು. ಪ್ರತಿ ಸಲವೂ ವಾಪಸು ಬರುತ್ತಾಳೋ ಇಲ್ಲವೋ ಎಂದು ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಪ್ರತಿ ಸಲವೂ ಬಂದಳು, ತಲೆತುಂಬ ಎಣ್ಣೆ ಹಚ್ಚಿಸಿಕೊಂಡು...

ಹೋದ ವರ್ಷ ಅವಳಿಗೆ ಕಾಯಿಲೆ ಬಂತು. ನಾವು ಆಗಲೇ ಹಾಸನಕ್ಕೆ ಬಂದಾಗಿತ್ತು, ಇಲ್ಲಿನ ಆಸ್ಪತ್ರೆಗೇ ಸೇರಿಸಿದೆವು. ಮಗಳು ಕಾಲೇಜಿಗೆ ರಜೆ ಹಾಕಿ ಚಿಕ್ಕವ್ವನ ಹಾಸಿಗೆಯ ಹತ್ತಿರವೇ ಕೂತಳು. ಡಾಕ್ಟರು ಮನೆಯವರನ್ನೆಲ್ಲ ಕರೆಸಿಕೊಳ್ಳಿ ಎಂದ ದಿನ ಬೆಳಗ್ಗೆ, ನಾನು ಕಿಟಕಿಯ ಹತ್ತಿರ ಫ್ಲಾಸ್ಕಿನಿಂದ ಹಾಲು ಬಗ್ಗಿಸುತ್ತಿದ್ದೆ. ಹಿಂದಿನಿಂದ ಮಗಳ ದನಿ ಕೇಳಿಸಿತು.

"ಅವ್ವಾ."

"ಏನ್ ಮಗ?" ಎಂದು ತಿರುಗಿದೆ.

"ನಿನ್ನಲ್ಲ ಕಣವ್ವ" ಎಂದಳು ಮಗಳು.

ಅವಳು ಹಾಸಿಗೆಯ ಮೇಲೆ ಬಾಗಿ, ಆ ಸಣ್ಣಗಾಗಿದ್ದ ಕೈ ಹಿಡಿದುಕೊಂಡಿದ್ದಳು. ಇಷ್ಟು ವರ್ಷ ನಾನು ಯಾವುದಕ್ಕೆ ಹೆದರಿದ್ದೆನೋ ಅದು ಅಲ್ಲಿ ನನ್ನ ಕಣ್ಣೆದುರಿಗೇ ಆಗಿಹೋಗಿತ್ತು. ಮಗಳು ಮತ್ತೆ "ಅವ್ವಾ" ಎಂದಳು. ಮಲಗಿದ್ದವಳು ಕಣ್ಣು ಬಿಟ್ಟಳು. ಬಿಟ್ಟವಳು ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ಸ್ಥಿತಿಯಲ್ಲೂ ಅವಳು ನನ್ನ ಒಪ್ಪಿಗೆಗೆ ಕಾಯುತ್ತಿದ್ದಳು. ಹತ್ತಿರ ಹೋಗಿ ಅವಳ ತಲೆ ಸವರಿದೆ.

"ಓ ಅನ್ನೇ. ನಿನ್ನನ್ನೇ ಕರೀತಿರೋದು."

ಅವಳು "ಓ" ಎಂದಳು. ಗಂಟಲಲ್ಲಿ ದನಿಯೇ ಇರಲಿಲ್ಲ, ಆದರೂ ನಮಗಿಬ್ಬರಿಗೂ ಕೇಳಿಸಿತು.

ಅವಳು ಹೋಗಿ ವರ್ಷವಾಗುತ್ತ ಬಂತು. ಮಗಳು ಕಾಲೇಜಿನಿಂದ ಬಂದವಳೇ ಚಪ್ಪಲಿ ಬಿಡುತ್ತ ಅವ್ವಾ ಎಂದು ಕೂಗುತ್ತಾಳೆ. ಅವ್ವ ನಾನೊಬ್ಬಳೇ ಆಗಿರಬೇಕು ಎಂದು ಅಷ್ಟು ಹಟ ಹಿಡಿದಿದ್ದೆನಲ್ಲ, ಈಗ ನಾನೊಬ್ಬಳೇ ಇದ್ದೇನೆ. ಅದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮಗಳು ಕೂಗಿದ ಕೂಡಲೇ ನಾನು ಓಗೊಡುವುದಿಲ್ಲ, ಒಂದು ಗಳಿಗೆ ತಡೆಯುತ್ತೇನೆ. ಅವಳು ಮೊದಲು ಓ ಅನ್ನಲಿ ಎಂದು.